ಕೈಗೆ ಮಣ್ಣು ಸಿಗುವ ತೋಟ: ಬಡಾವಣೆಯ ಖಾಲಿ ಜಾಗದಲ್ಲಿ ಎಲ್ಲರೂ ಬರುವಂಥ ತೋಟ ಮಾಡುವುದು ಹೇಗೆ

ಅಮ್ಮನ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅವರು ವಾಕರ್ ಹಿಡಿದು ನಡೆಯಲು ಶುರು ಮಾಡಿದರು. ಮನೆಯಿಂದ ಪಾರ್ಕಿಗೆ ಇನ್ನೂರು ಹೆಜ್ಜೆ ಅಷ್ಟೇ. ನಿಧಾನವಾಗಿ ಗೇಟಿನವರೆಗೆ ಬಂದೆವು. ದನ, ಸ್ಕೂಟರ್ ನುಗ್ಗಬಾರದು ಅಂತ ಅಲ್ಲಿ ಕಬ್ಬಿಣದ ಪೈಪುಗಳನ್ನು ಅಂಕುಡೊಂಕಾಗಿ ನೆಟ್ಟಿದ್ದರು. ಅದರ ನಡುವೆ ವಾಕರ್ ತೂರಲಿಲ್ಲ. ಅಮ್ಮ ಹೊರಗಡೆಯೇ ಕಂಬಿ ಹಿಡಿದು ನಿಂತು, ಒಳಗೆ ಅರಳಿದ್ದ ದಾಸವಾಳವನ್ನು ಐದು ನಿಮಿಷ ನೋಡಿ, "ನಡಿ, ಹೋಗೋಣ" ಅಂದರು.

ಆಮೇಲೆ ನಾವು ಆರೇಳು ಮನೆಯವರು ಸೇರಿ, ಮೈಸೂರಿನ ನಮ್ಮ ಬಡಾವಣೆಯ ಮೂಲೆಯಲ್ಲಿದ್ದ ಒಂದು 40×60 ಅಡಿ ಜಾಗದಲ್ಲಿ ತೋಟ ಮಾಡಿದೆವು. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಮಂಡಿ ನೋವಿನವರು, ಮನಸ್ಸು ಸರಿ ಇಲ್ಲದೆ ಮನೆಯಲ್ಲೇ ಕೂತಿದ್ದವರು ಎಲ್ಲರೂ ಬರುವಂಥ ತೋಟ. ಬಂದು ಸುಮ್ನೆ ನೋಡಿ ಹೋಗುವ ತೋಟ ಅಲ್ಲ, ಮಣ್ಣಿಗೆ ಕೈ ಹಾಕುವ ತೋಟ. ನನ್ನ ಪ್ರಕಾರ ಇದೇ ಮುಖ್ಯ. ಬೆಂಚಿನ ಮೇಲೆ ಕೂರಿಸಿ "ನೋಡಿ, ಎಷ್ಟು ಚೆನ್ನಾಗಿದೆ" ಅಂದರೆ ಅರ್ಧ ಕೆಲಸ ಮಾತ್ರ ಆಯಿತು. ತಾನೇ ಹಾಕಿದ ಮೆಂತ್ಯ ಮೊಳಕೆ ಒಡೆದಿದೆಯಾ ಅಂತ ನೋಡಲು ಬೆಳಗ್ಗೆ ಎದ್ದು ಬರುತ್ತಾರಲ್ಲ, ಆವಾಗ ತೋಟ ತನ್ನ ಕೆಲಸ ಶುರು ಮಾಡಿದೆ ಅಂತ ಅರ್ಥ.

ಗಿಡಕ್ಕಿಂತ ಮೊದಲು ಜನ

ಎಲ್ಲರೂ ನರ್ಸರಿಗೆ ಹೋಗಿ ಗಿಡ ತರುವುದರಿಂದ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ನಿಮ್ಮ ನಾಲ್ಕು ರಸ್ತೆಯಲ್ಲಿ ಮನೆಯಿಂದ ಹೊರಗೆ ಬರದವರು ಯಾರು ಯಾರು ಇದ್ದಾರೆ ಅಂತ ಕೇಳಿಕೊಂಡು ಬನ್ನಿ. ಫೋನಿನಲ್ಲಿ ಬೇಡ, ಮನೆಗೇ ಹೋಗಿ. ನಮ್ಮ ಬೀದಿಯಲ್ಲೇ ಎಂಟು ಜನ ಸಿಕ್ಕರು. ಅದರಲ್ಲಿ ಮೂವರು ಅಲ್ಲಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಪಾರ್ಶ್ವವಾಯು ಆಗಿ ಗಾಲಿಕುರ್ಚಿಯಲ್ಲಿದ್ದ ನಿವೃತ್ತ ಮೇಷ್ಟ್ರು ಒಬ್ಬರು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾದ ಅಜ್ಜಿ ಒಬ್ಬರು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ಮಗನಿಗೆ ಥೆರಪಿ ಕೊಡಿಸಲು ಬೇರೆ ಜಿಲ್ಲೆಯಿಂದ ಬಂದು ಬಾಡಿಗೆ ಮನೆ ಮಾಡಿದ್ದ ಒಬ್ಬ ತಾಯಿ. ಹುಡುಗನಿಗೆ ಆಟಿಸಂ, ಗದ್ದಲ ಆದರೆ ಕಿವಿ ಮುಚ್ಚಿಕೊಳ್ಳುತ್ತಾನೆ.

ಇವರಿಗೆ ಕೇಳಬೇಕಾದ್ದು "ನಿಮಗೆ ಯಾವ ಗಿಡ ಇಷ್ಟ" ಅಂತ ಅಲ್ಲ. "ಎಷ್ಟು ದೂರ ನಡೆಯೋಕೆ ಆಗುತ್ತೆ, ಎಷ್ಟು ಹೊತ್ತು ನಿಲ್ಲೋಕೆ ಆಗುತ್ತೆ, ಕೈ ಎಲ್ಲಿವರೆಗೆ ಚಾಚುತ್ತೆ, ಯಾವ ಹೊತ್ತಲ್ಲಿ ಹೊರಗೆ ಬರೋಕೆ ಇಷ್ಟ, ಟಾಯ್ಲೆಟ್ ಇಲ್ಲ ಅಂದ್ರೆ ಬರ್ತೀರಾ" ಅಂತ. ಕೊನೆಯ ಪ್ರಶ್ನೆಗೆ ವಯಸ್ಸಾದ ಹೆಂಗಸರು ಎಲ್ಲರೂ "ಇಲ್ಲ" ಅಂದರು. ಹತ್ತಿರದ ಒಂದು ಮನೆಯವರು ಕೆಳಗಿನ ಬಾತ್‌ರೂಮ್ ಬಿಟ್ಟುಕೊಟ್ಟಿದ್ದರಿಂದ ನಮಗೆ ಸಲೀಸಾಯಿತು. ನಿಮಗೆ ಕಟ್ಟುವ ಅವಕಾಶ ಇದ್ದರೆ ಬಾಗಿಲು 3 ಅಡಿ ಅಗಲ ಇರಲಿ, ಹೊರಕ್ಕೆ ತೆರೆಯಲಿ, ಕಮೋಡ್ ಪಕ್ಕ ಹಿಡಿದುಕೊಳ್ಳಲು ಕಂಬಿ ಇರಲಿ.

ಜಾಗದ ಅನುಮತಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪಾರ್ಕ್ ಆಗಲಿ ಸಿಎ ಸೈಟ್ (ನಾಗರಿಕ ಸೌಲಭ್ಯಕ್ಕೆ ಅಂತ ಬಡಾವಣೆಯಲ್ಲಿ ಮೀಸಲಿಟ್ಟ ಜಾಗ) ಆಗಲಿ, ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ. ಉದ್ಯಾನ, ಆಟದ ಮೈದಾನಗಳನ್ನು ಉಳಿಸಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ, ಆದ್ದರಿಂದ ಶೆಡ್ಡು ಗಿಡ್ಡು ಕಟ್ಟುವ ಮುಂಚೆ ಕೇಳಲೇಬೇಕು. ಅರ್ಜಿಯಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಬರೆಯಿರಿ. ಸಾರ್ವಜನಿಕ ಜಾಗಕ್ಕೆ ಎಲ್ಲರೂ ಬರುವಂತಿರಬೇಕು ಅನ್ನುವುದು ಹಕ್ಕು, ಯಾರೋ ತೋರಿಸುವ ದಯೆ ಅಲ್ಲ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ರ್ಯಾಂಪು, ಕಂಬಿ, ದಾರಿ ಎಲ್ಲದರ ಅಳತೆ ಇದೆ. ಅದನ್ನು ಪ್ರಿಂಟ್ ತೆಗೆದು ಮೇಸ್ತ್ರಿ ಕೈಗೆ ಕೊಡಿ.

ಸುಣ್ಣದ ಪುಡಿಯಲ್ಲಿ ಒಂದು ಭಾನುವಾರ

ಪೇಪರ್ ಮೇಲಿನ ನಕ್ಷೆ ನಂಬಬೇಡಿ. ಜಾಗವನ್ನು ಗುಡಿಸಿ, ಸುಣ್ಣದ ಪುಡಿಯಲ್ಲಿ ದಾರಿ, ಮಡಿ, ಬೆಂಚು ಎಲ್ಲವನ್ನೂ ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆಯಿರಿ. ಮನೆ ಪಾಯಕ್ಕೆ ಮಾರ್ಕ್ ಹಾಕುತ್ತಾರಲ್ಲ, ಹಾಗೆ. ಆಮೇಲೆ ಬಳಸುವವರನ್ನೇ ಕರೆದು ಅದರ ಮೇಲೆ ಓಡಾಡಿಸಿ.

ನಾವು ಮೇಷ್ಟ್ರನ್ನು ಕರೆದೆವು. ನಮ್ಮ ನಕ್ಷೆಯಲ್ಲಿ ದಾರಿ ನೇರವಾಗಿ ಹೋಗಿ ಹಿಂದಿನ ಗೋಡೆ ಹತ್ತಿರ ಮುಗಿಯುತ್ತಿತ್ತು. ಅವರಿಗೆ ಬಲಗೈ ಮಾತ್ರ ಆಡುತ್ತದೆ. ಒಂದು ಕೈಯಲ್ಲಿ ಗಾಲಿ ತಳ್ಳುತ್ತಾ, ಒಂದು ಕಾಲಿನಿಂದ ನೆಲ ಒತ್ತುತ್ತಾ ಗೋಡೆವರೆಗೆ ಹೋದರು. ನಿಂತರು.

"ಇಲ್ಲಿ ತಿರುಗಿಸೋಕೆ ಆಗುತ್ತಾ ಮೇಷ್ಟ್ರೇ?"

"ಆಗಲ್ಲ ಕಣಪ್ಪ. ಹಿಂದಕ್ಕೇ ಬರಬೇಕು. ಹಿಂದೆ ಏನಿದೆ ಅಂತ ನನಗೆ ಕಾಣಲ್ಲವಲ್ಲ."

ಅಲ್ಲೇ ಸುಣ್ಣ ಒರೆಸಿ ದಾರಿಯನ್ನು ಸುತ್ತು ದಾರಿ ಮಾಡಿದೆವು. ಗೇಟಿನಿಂದ ಹೊರಟರೆ ತೋಟವೆಲ್ಲ ಸುತ್ತಿ ಮತ್ತೆ ಗೇಟಿಗೇ ಬರುತ್ತದೆ, ಎಲ್ಲೂ ತುದಿ ಮುಚ್ಚಿಲ್ಲ. ಇದರಿಂದ ಇನ್ನೊಂದು ಲಾಭ ಆಯಿತು. ಮರೆವಿನ ಕಾಯಿಲೆ ಇರುವವರಿಗೆ ಎಲ್ಲಿ ಹೋಗಬೇಕು ಅನ್ನುವ ಗಾಬರಿ ಇಲ್ಲ, ನಡೆಯುತ್ತಾ ಇದ್ದರೆ ಸಾಕು, ದಾರಿಯೇ ವಾಪಸ್ ಕರೆದುಕೊಂಡು ಬರುತ್ತದೆ. ಆಟಿಸಂ ಇರುವ ಮಕ್ಕಳಿಗೂ ದಿನಾ ಅದೇ ದಾರಿ, ಅದೇ ತಿರುವು ಅಂದರೆ ಸಮಾಧಾನ.

ಗೇಟು, ದಾರಿ, ಇಳಿಜಾರು

ಗೇಟು 3 ಅಡಿಗಿಂತ ಕಡಿಮೆ ಬೇಡ, ಮೂರೂವರೆ ಇದ್ದರೆ ಒಳ್ಳೆಯದು. ಅಂಕುಡೊಂಕು ಪೈಪೂ ಬೇಡ, ಗಿರಕಿ ಗೇಟೂ ಬೇಡ. ದನದ ಚಿಂತೆ ಇದ್ದರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇರುವ ಹಗುರ ಗೇಟು ಹಾಕಿ, ಚಿಲಕ ನೆಲದಿಂದ 3 ಅಡಿ ಎತ್ತರದಲ್ಲಿರಲಿ, ಮುಷ್ಟಿಯಿಂದ ಎತ್ತಿದರೂ ತೆರೆಯುವಂತಿರಲಿ. ಸ್ಕೂಟರ್ ನುಗ್ಗಬಹುದು, ನಿಜ. ಅದಕ್ಕೆ ಸ್ಕೂಟರಿನವರ ಹತ್ತಿರ ಮಾತಾಡಬೇಕು. ಅವರಿಗಾಗಿ ಗಾಲಿಕುರ್ಚಿಯವರನ್ನು ಹೊರಗಿಡಬಾರದು.

ದಾರಿ ಕನಿಷ್ಠ 4 ಅಡಿ ಅಗಲ. ತಿರುವಿನಲ್ಲಿ, ನಲ್ಲಿ ಹತ್ತಿರ, ಮಡಿಗಳ ತುದಿಯಲ್ಲಿ 5 ಅಡಿ ಉದ್ದ 5 ಅಡಿ ಅಗಲದ ಜಾಗ ಬಿಡಿ, ಗಾಲಿಕುರ್ಚಿ ಪೂರ್ತಿ ಸುತ್ತಲು ಅಷ್ಟು ಬೇಕು. ಎರಡು ಕುರ್ಚಿ ಎದುರುಬದುರು ದಾಟಬೇಕಾದರೆ 6 ಅಡಿ.

ಇಳಿಜಾರಿನ ಲೆಕ್ಕ ಗಟ್ಟಿಯಾಗಿ ನೆನಪಿಡಿ: 1 ಅಡಿ ಏರಲು ಕಡಿಮೆ ಎಂದರೂ 12 ಅಡಿ ಉದ್ದ ಬೇಕು. ಒಬ್ಬರೇ ತಳ್ಳಿಕೊಂಡು ಹೋಗುವವರಿಗೆ ಅದೂ ಕಷ್ಟ, 20 ಅಡಿ ಸಿಕ್ಕರೆ ಆರಾಮು. ನಮ್ಮ ಗೇಟು ರಸ್ತೆಗಿಂತ 9 ಇಂಚು ಎತ್ತರದಲ್ಲಿತ್ತು. ಅದಕ್ಕೆ 9 ಅಡಿ ರ್ಯಾಂಪ್ ಬೇಕಿತ್ತು. ಮನೆ ಮುಂದೆ ಸ್ಕೂಟರ್ ಹತ್ತಿಸಲು ಹಾಕುತ್ತಾರಲ್ಲ, ಅದೇ ಲೆಕ್ಕದಲ್ಲಿ ಮೇಸ್ತ್ರಿ 4 ಅಡಿಯಲ್ಲಿ ಮುಗಿಸಿಬಿಟ್ಟರು. ಅವರ ತಪ್ಪಲ್ಲ, ನಾವು ಅಳತೆ ಬರೆದು ಕೊಟ್ಟಿರಲಿಲ್ಲ. ಒಡೆಸಿ ಮತ್ತೆ 15 ಅಡಿ ಹಾಕಿಸಿದೆವು. ಎರಡೂ ಕಡೆ ಕಂಬಿ, ಒಂದು 28 ಇಂಚಿನಲ್ಲಿ, ಇನ್ನೊಂದು 35 ಇಂಚಿನಲ್ಲಿ. ಕೆಳಗಿನದು ಮಕ್ಕಳಿಗೆ ಮತ್ತು ಕುರ್ಚಿಯವರಿಗೆ. ಬಿಸಿಲಿಗೆ ಸ್ಟೀಲು ಕೈ ಸುಡುತ್ತದೆ, ಮೇಲೆ ನೈಲಾನ್ ಹಗ್ಗ ಒತ್ತಾಗಿ ಸುತ್ತಿದರೆ ಹಿಡಿತವೂ ಚೆನ್ನಾಗಿರುತ್ತದೆ.

ನೆಲಕ್ಕೆ ಏನು ಹಾಕಬೇಕು ಅನ್ನುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಜಲ್ಲಿ, ಮರಳು, ಹುಲ್ಲು ಇವುಗಳಲ್ಲಿ ಗಾಲಿ ಹೂತುಕೊಳ್ಳುತ್ತದೆ. ಕಾಲಿಗೆ ಒಳ್ಳೆಯದು ಅಂತ ಪಾರ್ಕುಗಳಲ್ಲಿ ನೆಡುವ ಉರುಟು ಕಲ್ಲಿನ ದಾರಿ ಬೇಕಿದ್ದರೆ ಬೇರೆ ಮಾಡಿ, ಮುಖ್ಯ ದಾರಿ ಅದಾಗಬಾರದು. ಪಾಲಿಶ್ ಕಡಪ ಒದ್ದೆಯಾದರೆ ಜಾರುತ್ತದೆ. ನನಗೆ ಎಲ್ಲಕ್ಕಿಂತ ಸರಿ ಕಂಡಿದ್ದು ಸಾದಾ ಕಾಂಕ್ರೀಟು, ಹಸಿ ಇರುವಾಗಲೇ ಮೇಲೆ ಕಸಬರಿಕೆ ಎಳೆದು ಅಡ್ಡ ಗೆರೆ ಮೂಡಿಸಿದ್ದು. ನೀರು ನಿಲ್ಲದಂತೆ ಒಂದು ಪಕ್ಕಕ್ಕೆ 50 ಇಂಚಿಗೆ 1 ಇಂಚಿನಷ್ಟು ಸಣ್ಣ ಇಳಿಜಾರು ಕೊಡಿ. ದಾರಿಯ ಎರಡೂ ಅಂಚಿಗೆ 3-4 ಇಂಚು ಎತ್ತರದ ಕಟ್ಟೆ ಇದ್ದರೆ ಗಾಲಿ ಕೆಳಗಿಳಿಯುವುದಿಲ್ಲ, ಬಿಳಿ ಕೋಲಿನವರಿಗೆ ಅದೇ ದಾರಿ ತೋರಿಸುತ್ತದೆ. ಚರಂಡಿ ಜಾಲರಿಯ ಸಂದು ಅರ್ಧ ಇಂಚಿಗಿಂತ ಜಾಸ್ತಿ ಇದ್ದರೆ ಮುಂದಿನ ಸಣ್ಣ ಗಾಲಿ ಸಿಕ್ಕಿಹಾಕಿಕೊಂಡು ಮನುಷ್ಯ ಮುಂದಕ್ಕೆ ಬೀಳುತ್ತಾನೆ. ಕರಾವಳಿ, ಮಲೆನಾಡಿನವರು ಒಂದು ಮಾತು ಜಾಸ್ತಿ ನೆನಪಿಡಬೇಕು: ನಿಮ್ಮಲ್ಲಿ ಜೂನ್ ಮಳೆ ಹಿಡಿದರೆ ಏನೇ ಹಾಕಿದರೂ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಉಜ್ಜಲು ಜನ ಬೇಕೇ ಬೇಕು.

ಎತ್ತರದ ಮಡಿಗಳು

ತೋಟದ ಜೀವ ಇದು. ಬಗ್ಗಲಾಗದವರಿಗೆ ಮಣ್ಣನ್ನೇ ಮೇಲೆ ತರಬೇಕು. ಒಂದೇ ಎತ್ತರದಲ್ಲಿ ಎಲ್ಲವನ್ನೂ ಕಟ್ಟಬೇಡಿ. ನಾವು ಮೂರು ಥರ ಮಾಡಿದೆವು.

ಮೊದಲನೆಯದು 18 ಇಂಚಿನ ಮಡಿ, ಅಂಚಿಗೆ 1 ಅಡಿ ಅಗಲದ ಚಪ್ಪಡಿ ಕಲ್ಲು. ಅದರ ಮೇಲೆ ಕೂತು, ಪಕ್ಕಕ್ಕೆ ತಿರುಗಿ ಕಳೆ ಕೀಳಬಹುದು. ಮಂಡಿ ನೋವಿನ ಹೆಂಗಸರು ಇದನ್ನು ಬಿಟ್ಟು ಬೇರೆ ಕಡೆ ಹೋಗುವುದೇ ಇಲ್ಲ, ಸಂಜೆ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಾರೆ.

ಎರಡನೆಯದು 2 ಅಡಿ ಎತ್ತರ. ಸಾಲಿಡ್ ಬ್ಲಾಕ್ ಮೂರು ವರಸೆ ಇಟ್ಟರೆ ಸರಿಯಾಗಿ ಅಷ್ಟಾಗುತ್ತದೆ. ಗಾಲಿಕುರ್ಚಿಯನ್ನು ಪಕ್ಕಕ್ಕೆ ನಿಲ್ಲಿಸಿ ಕೆಲಸ ಮಾಡಲು, ವಾಕರ್ ಹಿಡಿದು ನಿಲ್ಲಲು ಇದು ಅನುಕೂಲ. ಅಗಲ ಮಾತ್ರ ಎಚ್ಚರ. ಒಂದೇ ಕಡೆಯಿಂದ ಕೈ ಹಾಕುವುದಾದರೆ 2 ಅಡಿ, ಎರಡೂ ಕಡೆಯಿಂದ ಆದರೆ 4 ಅಡಿ. ಇದಕ್ಕಿಂತ ಅಗಲ ಮಾಡಿದರೆ ನಡುವಿನ ಟೊಮೆಟೊ ಯಾರ ಕೈಗೂ ಸಿಗುವುದಿಲ್ಲ. ಬುಡದಲ್ಲಿ ನೀರು ಹೋಗಲು ತೂತು ಬಿಡಿಸುವುದನ್ನು ಮರೆಯಬೇಡಿ, ಕೆಳಗೆ 4 ಇಂಚು ಇಟ್ಟಿಗೆ ಚೂರು ಹರವಿ.

ಮೂರನೆಯದು ಮೇಜಿನ ಥರದ್ದು. ಕುರ್ಚಿಯಲ್ಲಿ ಕೂತವರ ಮಂಡಿ ಅಡಿಗೆ ಹೋಗಬೇಕು, ಎದುರಿಗೆ ನೇರವಾಗಿ ಕೂತು ಕೆಲಸ ಮಾಡಬೇಕು. ಅದಕ್ಕೆ ಕೆಳಗೆ 27 ಇಂಚು ಖಾಲಿ ಜಾಗ, ಮೇಲೆ 6-7 ಇಂಚು ಆಳದ ತಟ್ಟೆ, ಒಟ್ಟು 34 ಇಂಚು. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಆಂಗಲ್ ಫ್ರೇಮಿಗೆ ತಗಡಿನ ತಟ್ಟೆ ಕೂರಿಸಿಕೊಡುತ್ತಾರೆ. ಕಾಲು ಗಟ್ಟಿ ಇರಲಿ. 4 ಅಡಿ ಉದ್ದ 2 ಅಡಿ ಅಗಲದ ತಟ್ಟೆಗೆ ಒದ್ದೆ ಮಣ್ಣು ತುಂಬಿದರೆ ಸುಲಭವಾಗಿ 150 ಕೆಜಿ ಆಗುತ್ತದೆ. ಅಂಚನ್ನು ಮಡಚಿಸಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಇಷ್ಟು ಕಡಿಮೆ ಆಳದಲ್ಲಿ ಮೆಂತ್ಯ, ಕೊತ್ತಂಬರಿ, ಹರಿವೆ, ಪುದೀನ ಬೆಳೆಯುತ್ತವೆ. ಬದನೆ, ಬೆಂಡೆ ಇಲ್ಲಿ ಬೇಡ, ಅವನ್ನು 2 ಅಡಿಯ ಮಡಿಗೆ ಹಾಕಿ.

ಮಣ್ಣಿಗೆ ನಮ್ಮ ಲೆಕ್ಕ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಬುಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ. ಮೇಜಿನ ತಟ್ಟೆಗೆ ನಾರಿನ ಪುಡಿ ಜಾಸ್ತಿ ಮಾಡಿ, ಹಗುರ ಆಗುತ್ತದೆ. ಎತ್ತರದ ಮಡಿ ಬೇಗ ಒಣಗುತ್ತದೆ. ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ನೀರು ಬೇಕು, ಮೇಲೆ ಒಣ ಎಲೆ ಮುಚ್ಚಿ.

ನಲ್ಲಿ ತಿರುಗಿಸುವ ಥರದ್ದು ಬೇಡ, ಮೊಣಕೈಯಿಂದ ತಳ್ಳಿದರೂ ತೆರೆಯುವ ಲಿವರ್ ನಲ್ಲಿ ಹಾಕಿಸಿ, ನೆಲದಿಂದ 3 ಅಡಿಯಲ್ಲಿ. ದೊಡ್ಡ ನೀರಿನ ಕ್ಯಾನ್ ಎತ್ತಲು ಆಗುವುದಿಲ್ಲ. 1 ಲೀಟರ್ ಬಾಟಲಿಯ ಮುಚ್ಚಳಕ್ಕೆ ಬಿಸಿ ಮೊಳೆಯಿಂದ ಏಳೆಂಟು ತೂತು ಹಾಕಿದರೆ ಸಾಕು. ಕೈಗುದ್ದಲಿ, ಕುಡುಗೋಲಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, ಬೆರಳು ಮಡಚಲು ಆಗದವರಿಗೆ ಹಿಡಿತ ಸಿಗುತ್ತದೆ. ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು: 3 ಅಡಿ ಉದ್ದದ ತೆಳು ಪಿವಿಸಿ ಪೈಪು. ಒಂದು ತುದಿ ಮಣ್ಣಿಗೆ ತಾಗಿಸಿ ಇನ್ನೊಂದು ತುದಿಯಿಂದ ಬೀಜ ಬಿಟ್ಟರೆ ನೆಲದ ಮಡಿಯಲ್ಲೂ ಬಗ್ಗದೆ ಬಿತ್ತಬಹುದು. ಕಣ್ಣು ಮಂಜಾದ ಅಜ್ಜಿ ಬೆಂಡೆ ಬೀಜವನ್ನು ಹೀಗೆ ಒಂದೊಂದಾಗಿ ಬಿಡುತ್ತಾರೆ, ಪೈಪಿನೊಳಗೆ ಬೀಜ ಟಕ್ ಟಕ್ ಅಂತ ಇಳಿಯುವ ಸದ್ದು ಕೇಳಿ ಎಣಿಸುತ್ತಾರೆ.

ಗಿಡ, ನೆರಳು, ವಾಸನೆ

ನೆರಳಿಗೆ ಹೊಂಗೆ ಹಾಕಿ, ಬೇರೆ ಯೋಚನೆಯೇ ಬೇಡ. ಯುಗಾದಿ ಹೊತ್ತಿಗೆ ಹೊಸ ಚಿಗುರು ಬಂದು, ಬಿಸಿಲು ಏರುವ ಸಮಯಕ್ಕೆ ಸರಿಯಾಗಿ ತಂಪು ಕೊಡುತ್ತದೆ. ನೇರಳೆ ಒಳ್ಳೆಯ ಮರವೇ, ಆದರೆ ದಾರಿ ಪಕ್ಕ ಬೇಡ, ಹಣ್ಣು ಬಿದ್ದು ನೆಲ ಜಾರುತ್ತದೆ. ಬೆಂಚಿನ ಮೇಲೆ ತೆಂಗಿನ ಮರ ಬರದಂತೆ ನೋಡಿಕೊಳ್ಳಿ. ಬೆಂಚು 18 ಇಂಚು ಎತ್ತರ, ಬೆನ್ನಿಗೆ ಒರಗು, ಎರಡೂ ಕಡೆ ಕೈ ಊರುವ ಹಿಡಿ. ಒರಗು ಇಲ್ಲದ ಕಲ್ಲು ಬೆಂಚಿನಿಂದ ವಯಸ್ಸಾದವರಿಗೆ ಏಳಲು ಆಗುವುದಿಲ್ಲ. ನಮ್ಮ ಪುಟ್ಟ ಜಾಗದಲ್ಲೂ ನಾಲ್ಕು ಬೆಂಚಿವೆ, ಪ್ರತಿ ಬೆಂಚಿನ ಪಕ್ಕ ಗಾಲಿಕುರ್ಚಿ ನಿಲ್ಲಲು 3 ಅಡಿ ಬಿಟ್ಟಿದ್ದೇವೆ. ಜೊತೆಗೆ ಬಂದವರ ಪಕ್ಕದಲ್ಲೇ ಕೂರಬೇಕಲ್ವಾ, ದಾರಿ ಮಧ್ಯೆ ನಿಲ್ಲಬಾರದು.

ಪರಿಮಳದ ಗಿಡಗಳನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ. ಒಂದೊಂದು ಜಾಗಕ್ಕೆ ಒಂದೊಂದು ವಾಸನೆ ಇರಲಿ. ನಮ್ಮಲ್ಲಿ ಗೇಟಿನ ಹತ್ತಿರ ಮರುಗ, ನಲ್ಲಿ ಹತ್ತಿರ ಕಾಮಕಸ್ತೂರಿ, ಹಿಂದಿನ ಬೆಂಚಿಗೆ ಮೈಸೂರು ಮಲ್ಲಿಗೆ. ಕಣ್ಣು ಕಾಣದವರಿಗೆ ಎಲ್ಲಿದ್ದೇವೆ ಅಂತ ಮೂಗೇ ಹೇಳುತ್ತದೆ. ಮುಟ್ಟಲು ದೊಡ್ಡಪತ್ರೆಗೆ ಸಮ ಯಾವುದೂ ಇಲ್ಲ. ಆಟಿಸಂ ಇರುವ ಹುಡುಗ ಮೊದಲ ತಿಂಗಳು ಯಾರ ಹತ್ತಿರವೂ ಬರುತ್ತಿರಲಿಲ್ಲ, ದೊಡ್ಡಪತ್ರೆಯ ಮಡಿ ಹತ್ತಿರ ಮಾತ್ರ ಹೋಗಿ ಆ ದಪ್ಪ ಎಲೆಯನ್ನು ಕೆನ್ನೆಗೆ ಒತ್ತಿಕೊಂಡು ನಿಲ್ಲುತ್ತಿದ್ದ. ಈಗ ಅದಕ್ಕೆ ನೀರು ಹಾಕುವುದು ಅವನ ಕೆಲಸ. ಮಜ್ಜಿಗೆಹುಲ್ಲನ್ನು ಸ್ವಲ್ಪ ಹಿಂದೆ ನೆಡಿ, ಎಲೆಯ ಅಂಚು ಬೆರಳು ಕೊಯ್ಯುತ್ತದೆ. ರಾತ್ರಿರಾಣಿ ಕೆಲವರಿಗೆ ತಲೆನೋವು ತರುತ್ತದೆ.

ಬೇಡವಾದವು: ಕಣಗಿಲೆ ಪೂರ್ತಿ ವಿಷ, ಮಕ್ಕಳು ಬಾಯಿಗೆ ಹಾಕುವ ಜಾಗದಲ್ಲಿ ಅದು ಇರಬಾರದು. ದತ್ತೂರಿಯೂ ಅಷ್ಟೇ. ಕಾಗದದ ಹೂವಿನ ಮುಳ್ಳು ದಾರಿಗೆ ಚಾಚಿದರೆ ಮುಖಕ್ಕೆ ಗೀರುತ್ತದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಗ್ಲೌಸ್ ಹಾಕಿಕೊಂಡು ಕಿತ್ತುಹಾಕಿ, ಅದರಿಂದ ಚರ್ಮ ಕೆರೆತ, ಉಬ್ಬಸ ಬರುತ್ತದೆ.

ಗಿಡದ ಹೆಸರಿನ ಫಲಕದಲ್ಲಿ ಅಕ್ಷರ ದೊಡ್ಡದಿರಲಿ, ಕಪ್ಪು ಹಲಗೆ ಮೇಲೆ ಹಳದಿ ಅಥವಾ ಬಿಳಿ. ಕನ್ನಡ ಬ್ರೈಲ್ ಪಟ್ಟಿ ಹಾಕಿಸುವುದಾದರೆ ಮಡಿಯ ಅಂಚಿಗೆ, ಬೆರಳು ಸಿಗುವ ಕಡೆ ಅಂಟಿಸಿ, ಮತ್ತು ಬ್ರೈಲ್ ಓದುವವರಿಂದ ಓದಿಸಿ ನೋಡಿದ ಮೇಲೇ ಗಟ್ಟಿ ಮಾಡಿ.

ಮನಸ್ಸಿಗೆ ಒಂದು ಮೂಲೆ

1984ರಲ್ಲಿ ರೋಜರ್ ಉಲ್ರಿಚ್ ಅನ್ನುವ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ನೋಡಿ ಬರೆದಿದ್ದು ನನಗೆ ಸದಾ ನೆನಪಾಗುತ್ತದೆ. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದ 23 ಜನರನ್ನು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದ 23 ಜನರ ಜೊತೆ ಹೋಲಿಸಿದರು. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಮಾತ್ರೆಯೂ ಅವರಿಗೆ ಕಡಿಮೆ ಬೇಕಾಯಿತು. ಬರೀ ನೋಡಿದ್ದಕ್ಕೇ ಅಷ್ಟು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರ ಪುನರ್ವಸತಿ ಕೆಲಸಗಳಲ್ಲಿ ತೋಟದ ಕೆಲಸವೂ ಸೇರಿದೆ.

ಆದ್ದರಿಂದ ಎಷ್ಟೇ ಚಿಕ್ಕ ಜಾಗ ಇರಲಿ, ಒಂದು ಮೂಲೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಮೂಲೆ ಆಗಿರಲಿ. ಬೆನ್ನಿಗೆ ಗೋಡೆ ಅಥವಾ ದಟ್ಟ ಬೇಲಿ ಇರಬೇಕು, ಎದುರಿಗೆ ಬರುವವರು ಕಾಣಬೇಕು. ಹಿಂದಿನಿಂದ ಯಾರು ಬರುತ್ತಾರೋ ಅನ್ನುವ ಭಯ ಇರುವವರಿಗೆ ಇದು ದೊಡ್ಡ ವಿಷಯ. ಅಲ್ಲಿ ಎರಡು ಬೆಂಚು ಬೇಡ, ಒಂದೇ. ಸ್ಪೀಕರ್ ಹಾಕಿ ಭಕ್ತಿಗೀತೆ, ಎಫ್‌ಎಂ ಹಚ್ಚುವ ಪದ್ಧತಿ ಖಂಡಿತ ಬೇಡ. ಇದಕ್ಕೆ ನಮ್ಮಲ್ಲಿ ಸ್ವಲ್ಪ ಜಗಳವೇ ಆಯಿತು, ಕೊನೆಗೆ ಆ ಹುಡುಗನ ತಾಯಿ ಒಂದು ಸಲ ಎಲ್ಲರೆದುರು ಮಾತಾಡಿದ ಮೇಲೆ ಸ್ಪೀಕರ್ ಕೆಳಗಿಳಿಯಿತು.

ನೀರಿನ ಸದ್ದು ಹಿತ, ನಿಜ. ಆದರೆ ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಪಂಪ್ ಸದಾ ಓಡಿಸಲು ಆಗದಿದ್ದರೆ ಕಾರಂಜಿ ಆಸೆ ಬಿಡಿ. ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ಎರಡು ದಿನಕ್ಕೊಮ್ಮೆ ಉಜ್ಜಿ ಬದಲಿಸಿದರೆ ಪಿಕಳಾರ, ಗುಬ್ಬಿ ಬಂದು ಸದ್ದು ಅವೇ ಮಾಡುತ್ತವೆ.

ಕೆಲಸ ಹಂಚುವುದು

ಪ್ರತಿಯೊಬ್ಬರಿಗೂ ಒಂದು ಕೆಲಸ ಇರಬೇಕು, ಅವರೇ ಮಾಡಬೇಕಾದ್ದು, ಅವರು ಬರದಿದ್ದರೆ ಗೊತ್ತಾಗುವಂಥದ್ದು. ಮೇಷ್ಟ್ರ ಹತ್ತಿರ ನೋಟ್‌ಬುಕ್ ಇದೆ, ಯಾವ ಮಡಿಗೆ ಯಾವ ದಿನ ಏನು ಹಾಕಿದೆವು ಅಂತ ಬಲಗೈಯಲ್ಲಿ ಬರೆದಿಡುತ್ತಾರೆ. ಅಜ್ಜಿಯದು ಬೀಜ. ಸಹಾಯ ಮಾಡುವ ಉತ್ಸಾಹದಲ್ಲಿ ಅವರ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ. ಒಂದು ಸಾಲು ಬಿತ್ತಲು ಅರ್ಧ ಗಂಟೆ ಆಗಲಿ, ಬಿಡಿ. ಬಂದ ಸೊಪ್ಪನ್ನು ಕೆಲಸ ಮಾಡಿದವರೇ ಮೊದಲು ಮನೆಗೆ ಒಯ್ಯಬೇಕು ಅಂತ ಮೊದಲ ದಿನವೇ ಹೇಳಿಬಿಡಿ.

ಮೊದಲ ಬೆಳೆಗೆ ಮೆಂತ್ಯವನ್ನೇ ಹಾಕಿ. ರಾತ್ರಿ ನೆನೆಸಿಟ್ಟ ಕಾಳನ್ನು ಬೆಳಗ್ಗೆ ಹರವಿ, ಮೇಲೆ ಅರ್ಧ ಇಂಚು ಮಣ್ಣು ಉದುರಿಸಿ, ಬಾಟಲಿಯಿಂದ ಮೆತ್ತಗೆ ನೀರು ಹಾಕಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ಒಂದು ತಿಂಗಳೊಳಗೆ ಸೊಪ್ಪು ಸಿಗುತ್ತದೆ. ಅಮ್ಮ ಮೇಜಿನ ಮಡಿಗೆ ಹೀಗೇ ಹಾಕಿದ್ದರು. ಇಪ್ಪತ್ತೇಳನೇ ದಿನ ವಾಕರ್‌ಗೆ ನೇತುಹಾಕಿದ ಚೀಲದ ತುಂಬ ಸೊಪ್ಪು ತಂದು, ತಾವೇ ಬಿಡಿಸಿ, ಅವತ್ತು ಮಧ್ಯಾಹ್ನಕ್ಕೆ ಮೆಂತ್ಯ ಸೊಪ್ಪಿನ ಬಾತ್ ಮಾಡಿಸಿದರು.